ಗೇಣುದ್ದದ ಮಗ್ಗ

ಒಂದಾನೊಂದು ಊರಿನಲ್ಲಿ ಒಬ್ಬನಿದ್ದನಂತೆ. ಕಣ್ಣಿಗೆ ಬಿದ್ದ ದೊಡ್ಡದನ್ನೆಲ್ಲ ಅವನು ಅಳೆದು ಅಳೆದು ಗೇಣುದ್ದ ಮಾಡಿಡುತ್ತಿದ್ದನಂತೆ. ರಾಟೆ ಕಂಡರೆ ರಾಟೆ, ಗಾಣ ಕಂಡರೆ ಗಾಣ, ಟ್ರ್ಯಾಕ್ಟರ್ ಕಂಡರೆ ಟ್ರ್ಯಾಕ್ಟರ್. ಉಜ್ವಲಾಳ ಆಯಿ ದುಂಡವ್ವ ತನ್ನ ಗಂಡನ ಕತೆಯನ್ನು ಮೊಮ್ಮಗಳಿಗೆ ಹೀಗೇ, ರಾಜಕುಮಾರನ ಕತೆಯ ಹಾಗೆ ಶುರುಮಾಡುತ್ತಿದ್ದಳು.

ಆ ಒಬ್ಬನನ್ನು ಈಗ ನಾಲ್ಕು ಜನ ಹಿಡಿದು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸುತ್ತಿದ್ದರು.

"ಬರೋಬರ ಹಿಡೀರೋ, ಮತ್ತ ಜಾರಾಕತ್ತಾನ," ಅಂದ ಬಾಳಾಸಾಬ. ನಲವತ್ತು ವರ್ಷ ಅವನ ಪಾವರ್‌ಲೂಮ್ ಶೆಡ್ಡಿನಲ್ಲಿ ಭೀಮಸಿ ಜಾಬರ್ ಆಗಿದ್ದ. ಕೆಟ್ಟು ನಿಂತ ಮಗ್ಗಗಳನ್ನು ಎಬ್ಬಿಸುವುದು ಅವನ ಕೆಲಸ. "ಏನಪಾ ಭೀಮಸಿ, ಇಷ್ಟ ಹಗರ ಆದ್ರ ಹೆಂಗ ಕೂಡ್ತಿ?"

ಗೋಡೆಯ ಗೂಟಕ್ಕೆ ಧೋತರ ಕಟ್ಟಿ ಕಂಕುಳ ಕೆಳಗೆ ಹಾಯಿಸಿದರು. ಭೀಮಸಿ ಕೂತ. ಅಯ್ಯನವರು ಹಣೆಗೆ ವಿಭೂತಿ ಬಳಿದರು. ಮೂಲೆಯಲ್ಲಿ ಭಜನೆಯವರು ತಾಳ ಎತ್ತಿಕೊಂಡರು.

ಬೋರಗಾಂವದ ಆ ಓಣಿಯಲ್ಲಿ ಹಗಲಿಡೀ ಮಗ್ಗಗಳು ಬಡಿಯುತ್ತಲೇ ಇರುತ್ತವೆ. ಇವತ್ತು ಬಾಳಾಸಾಬ ತನ್ನ ಶೆಡ್ಡು ಬಂದ್ ಮಾಡಿಸಿದ್ದ. ಅವನನ್ನು ನೋಡಿ ಅಕ್ಕಪಕ್ಕದವರೂ ಮಾಡಿಸಿದ್ದರು. ಗುಬ್ಬಿಗಳ ಸದ್ದು ಕೇಳುತ್ತಿತ್ತು. ಈ ಓಣಿಯಲ್ಲಿ ಗುಬ್ಬಿಗಳಿವೆ ಎಂದು ಉಜ್ವಲಾಳಿಗೆ ಗೊತ್ತೇ ಇರಲಿಲ್ಲ.

"ಕೋಮಲ ಎಲ್ಲೀತನಾ ಬಂದ್ಳಂತ?" ಎಂದು ಕೇಳಿದಳು ಚನ್ನವ್ವ, ಅಜ್ಜನ ತಂಗಿ.

"ರಾಯಬಾಗ ಬಿಟ್ಟಾಳಂತ," ಅಂದ ಉಜ್ವಲಾಳ ಅಪ್ಪ ಲಕ್ಷ್ಮಣ, ಮೊಬೈಲು ಕಿಸೆಗಿಡುತ್ತ. "ಕುಣಿ ತೋಡಿ ಆಗೈತಿ. ಅಕ್ಕ ಬಂದು ಮುಖಾ ನೋಡಿದ ಕೂಡ್ಲೇ ಎತ್ತೂದು."

"ಲಿಂಗಾ ಕಟ್ಟಾಕ ಬಿಳೇ ಅರಿವಿ ನಾ ನಿಪ್ಪಾಣಿಯಿಂದ ತಂದೀನಿ. ಅದಕ್ಕೇನ ಚಿಂತಿಲ್ಲ," ಅಂದಳು ಚನ್ನವ್ವ.

ಉಜ್ವಲಾ ಹಿಂದಿನ ಕೋಣೆಯ ಬಾಗಿಲು ನೋಡಿದಳು. ಒಳಗೆ ಅಜ್ಜನ ಕೆಲಸ ಇನ್ನೂ ನಾಲ್ಕು ಬೆರಳು ಉಳಿದಿತ್ತು.

*

ಐದು ವರ್ಷದ ಹಿಂದೆ ಕೆಲಸ ಬಿಟ್ಟ ಭೀಮಸಿ, ಮರುದಿನವೇ ಟೇಪು ಹಿಡಿದು ಮತ್ತೆ ಶೆಡ್ಡಿಗೆ ಹೋಗಿದ್ದ.

"ನಲವತ್ತ ವರ್ಷ ಕೈಯಾಡ್ಸಿದ ಮಗ್ಗ, ಮತ್ತೇನ ಅಳೀತಿಯೋ?" ಎಂದು ಬಾಳಾಸಾಬ ನಕ್ಕಿದ್ದ.

"ಕೈಯಾಡ್ಸೀನಿ, ನೋಡಿಲ್ಲ," ಅಂದಿದ್ದ ಭೀಮಸಿ.

ಗೇಣುದ್ದದ ಮಗ್ಗಕ್ಕೆ ಫೂಟಿಗೆ ಒಂದೂವರೆ ಇಂಚಿನ ಲೆಕ್ಕ. ಸಾಗವಾನಿ ಚೂರುಗಳ ಚೌಕಟ್ಟು, ಸೈಕಲ್ ಕಡ್ಡಿಯ ದಂಡಗಳು, ಹಳೆಯ ಗಡಿಯಾರದ ಸ್ಪ್ರಿಂಗ್ ಕತ್ತರಿಸಿ ಮಾಡಿದ ಹಣಿಗೆಯ ಹಲ್ಲು. ಕಾಲೇಜು ಮುಗಿಸಿ ಬಂದ ಉಜ್ವಲಾ ಎದುರು ಕೂತು ಗೋಂದು ಹಚ್ಚುತ್ತಿದ್ದಳು. ಒಂದು ಕೆಲಸ ಹಿಡಿದರೆ ಅವಳ ಮನಸ್ಸು ಆಗಲೇ ಮತ್ತೊಂದರ ಮೇಲೆ. ಗೋಂದು ಒಣಗುವ ಮೊದಲೇ ಎತ್ತಿ ನೋಡಿ ಮಗ್ಗದ ಕಾಲು ಕಿತ್ತು ಬಂದರೆ ಅಜ್ಜ ಬೈಯುತ್ತಿರಲಿಲ್ಲ. "ಆತು, ಮತ್ತ ಹಚ್ಚು. ಅದು ಒಣಗೂತನಾ ಆಯಿ ಕಡೆ ಒಂದ ಕತಿ ಕೇಳಿ ಬಾ," ಅನ್ನುತ್ತಿದ್ದ.

ಮಗ್ಗ ತಯಾರಾಯಿತು, ಆದರೆ ನೇಯಲಿಲ್ಲ. ಹಿಡಿಕೆ ತಿರುಗಿಸಿದರೆ ಲಾಳಿ ಅರ್ಧ ದಾರಿಗೇ ನಿಂತುಬಿಡುತ್ತಿತ್ತು. ಇಡೀ ಮಳೆಗಾಲ ಅಜ್ಜ ಅದನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತ. ಕಡೆಗೊಂದು ದಿನ ಲಾಳಿಯ ಹೊಟ್ಟೆ ಕೊರೆದು ಸೀಸ ತುಂಬಿದ.

"ಸಣ್ಣದ ಮಾಡೂವಾಗ ಭಾರಾನೂ ಕಳದು ಹೋಗಿರತೈತಿ ಉಜ್ಜಿ. ಅದನ್ನ ನಾವ ತುಂಬಬೇಕು."

ಲಾಳಿ ಆಚೆ ದಡ ಮುಟ್ಟಿತು. ಆದರೆ ಅರಿವೆ ನೋಡಿ ಆಯಿ, "ಗೋಣಿಚೀಲ ಚಲೋ ಬಂದೈತಿ, ಶೇಂಗಾ ತುಂಬಾಕ ಆಗ್ತೈತಿ," ಅಂದಳು. ಕಟ್ಟಿಗೆ, ಕಬ್ಬಿಣ ಎಲ್ಲ ಎಂಟನೇ ಪಾಲಿಗೆ ಇಳಿದಿದ್ದವು, ನೂಲು ಮಾತ್ರ ಶೆಡ್ಡಿನ ನೂಲೇ. ಅಜ್ಜ ಇಚಲಕರಂಜಿಗೆ ಹೋಗಿ ಉದ್ದಕ್ಕೆ ಹೂಡುವ ಹಾಸಿನ ಎಳೆಗಳಿಗೆ ತೀರ ತೆಳುವಾದ ನೂಲು ತಂದ. ಲಾಳಿಯಲ್ಲಿ ಅಡ್ಡಕ್ಕೆ ಓಡುವ ಹೊಕ್ಕಿಗೆ ಅಷ್ಟೇ ತೆಳುವಾದದ್ದು ಮನೆಯಲ್ಲೇ ಇತ್ತು, ಆಯಿಯ ಮದುವೆ ಸೀರೆಯ ಸೆರಗಿನಲ್ಲಿ.

"ನೋಡ್ರಿಬೇ, ಮದಿವ್ಯಾಗಿ ಐವತ್ತ ವರ್ಷಕ್ಕ ಸೆರಗಿಗೆ ಕೈ ಹಾಕಾಕತ್ತಾನ ನನ್ನ ಗಂಡ!"

ಓಣಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಆಯಿ ತಾನೇ ಬಿಸಿಲಿಗೆ ಕೂತು ಕೆಂಪು ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಬಿಡಿಸಿಕೊಟ್ಟಳು. ಕೊಡುವಾಗ ಅಂದಳು: "ಊರಿಗೆಲ್ಲಾ ಅರಿವಿ ನೇದ ಕೊಟ್ಟಿ. ಇದರಾಗ ನಿನ್ನ ಲಿಂಗಾ ಕಟಗೊಳ್ಳಾಕ ಒಂದ ಗೇಣ ನೇಯಿ."

"ನೇಯ್ತೀನಿ, ತಗೋ."

ನಾಲ್ಕು ಬೆರಳು ಉಳಿದಾಗ ಅವನ ಕೈ ನಡುಗತೊಡಗಿತು. ಹದಿನೈದು ದಿನ ಮಗ್ಗ ನಿಂತಿತು. ಮೊನ್ನೆ ಸಂಜೆ ಹಾಸಿಗೆಯಿಂದಲೇ ಉಜ್ವಲಾಳನ್ನು ಕರೆದ.

"ಉಳದದ್ದ ನೀ ಮುಗಸ್ತಿ?"

"ಮುಗಸ್ತೀನಿ ಅಜ್ಜಾ."

"ನನ್ನ ಮಣ್ಣಿಗೆ ಒಯ್ಯೂದ್ರಾಗ ಆಗಬೇಕ ಮತ್ತ." ನಕ್ಕ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತಿನ ಮೇಲೆ, "ದೌಡ ಮಾಡಬ್ಯಾಡ," ಅಂದ.

*

ಉಜ್ವಲಾ ಬಾಗಿಲು ಮುಂದೆ ಮಾಡಿ ಮಗ್ಗದ ಮುಂದೆ ಕೂತು ಹಿಡಿಕೆ ತಿರುಗಿಸಿದಳು. ಟಕ್. ಲಾಳಿ ಬಲದಿಂದ ಎಡಕ್ಕೆ ಹೋಯಿತು. ಟಕ್. ಎಡದಿಂದ ಬಲಕ್ಕೆ.

ಬೇರೆ ದಿನಗಳಲ್ಲಿ ಶೆಡ್ಡುಗಳ ಗದ್ದಲದಲ್ಲಿ ಈ ಸದ್ದು ಕಿವಿಗೇ ಬೀಳುತ್ತಿರಲಿಲ್ಲ. ಇವತ್ತು ಮನೆಯೆಲ್ಲ ಕೇಳಿತು. ಪಡಸಾಲೆಯಲ್ಲಿ ಭಜನೆಯ ತಾಳ ತಪ್ಪಿತು, ನಿಂತಿತು. ಬಾಗಿಲು ಧಡ್ ಎಂದು ತೆರೆಯಿತು.

"ಏನವಾ ಇದು? ಮನ್ಯಾಗ ಹೆಣಾ ಇಟಗೊಂಡು ಮಗ್ಗ ಬಡ್ಯಾಕತ್ತೀಯಲ್ಲ!" ಚನ್ನವ್ವನ ಸೆರಗು ಜಾರಿತ್ತು. "ನಮ್ಮಣ್ಣನ ಸಲವಾಗಿ ಓಣಿ ಮಗ್ಗ ಎಲ್ಲಾ ನಿಂತಾವ. ಮೊಮ್ಮಗಳಾಗಿ ನಿನಗ ಇವತ್ತ ಆಟ ಬೇಕಾತು?"

"ಆಟ ಅಲ್ಲ ಅಜ್ಜಿ. ಅಜ್ಜ ಹೇಳ್ಯಾನ."

"ಅಂವ ಏನ್ ಹೇಳ್ತಾನ, ಅಲ್ಲಿ ಬಾಯಿ ಮುಚಗೊಂಡ ಕೂತಾನ!"

ಅವಳ ಹಿಂದೆ ಬಾಳಾಸಾಬ ಬಂದು ನಿಂತ. ಅವನು ಮಗ್ಗ ನೋಡುತ್ತಿರಲಿಲ್ಲ, ಕಿವಿ ಕೊಟ್ಟಿದ್ದ. "ಇನ್ನೊಂದ ಸುತ್ತ ತಿರುವವಾ," ಅಂದ. ಟಕ್. "ಎಡಗಡೆ ಹೊಡತ ಒಂದ ಕೂದಲೆಳಿ ತಡಾ ಆಗಾಕತ್ತೈತಿ. ಅಂವ ಇದ್ದಿದ್ರ ಬಿಡತಿದ್ದಿಲ್ಲ." ಅಷ್ಟು ಹೇಳಿ ಮುಖ ಆಚೆ ತಿರುಗಿಸಿದ.

"ನೀವೂ ಅದಕ್ಕ ಕೂಡ್ತೀರಲ್ರಿ ಸಾವ್ಕಾರ!"

"ಚನ್ನವ್ವಾ."

ಆಯಿಯ ದನಿ ಪಡಸಾಲೆಯಿಂದ ಬಂತು. ಗಂಡನ ಪಕ್ಕದಿಂದ ಅವಳು ಎದ್ದಿರಲಿಲ್ಲ, ದನಿಯನ್ನೂ ಏರಿಸಿರಲಿಲ್ಲ.

"ಅದು ನನ್ನ ಸೆರಗ. ಅರ್ಧಕ್ಕ ಬಿಡಾಕ ನಾ ಕೊಟ್ಟಿಲ್ಲ. ನೇಯ್ಲಿ ಬಿಡು."

ಚನ್ನವ್ವ ಜಾರಿದ ಸೆರಗು ಹೊದ್ದುಕೊಂಡು ಹೋದಳು. ಭಜನೆಯವರು ಮತ್ತೆ ಶುರುಮಾಡಲಿಲ್ಲ. ಪಡಸಾಲೆ ತುಂಬ ಜನ ಕೂತು ಆ ಸಣ್ಣ ಸದ್ದನ್ನೇ ಕೇಳಿದರು.

ಎರಡು ಬೆರಳು ಮುಗಿದ ಮೇಲೆ ಉಜ್ವಲಾ ಅರಿವೆಯ ಮೇಲೆ ಕೈಯಾಡಿಸಿದಳು. ಕೈ ಅಲ್ಲೇ ನಿಂತಿತು. ಅಜ್ಜನ ನೇಯ್ಗೆ ಮುಗಿದು ತನ್ನದು ಶುರುವಾದ ಕಡೆ ಅಡ್ಡಕ್ಕೊಂದು ಗೆರೆ ಬಿದ್ದಿತ್ತು. ನಿಂತ ಮಗ್ಗ ಮತ್ತೆ ಹೂಡುವಾಗ ಅರಿವೆ ಸುತ್ತುವ ಚಕ್ರವನ್ನು ಒಂದು ಹಲ್ಲು ಹಿಂದಕ್ಕೆ ತಿರುಗಿಸಿಕೊಳ್ಳಬೇಕು. ಅಜ್ಜ ನೂರು ಸಲ ಹೇಳಿದ್ದ ಮಾತು. ಬಾಗಿಲು ಮುಂದೆ ಮಾಡಿ ಓಡಿಬಂದು ಕೂತವಳು ಮರೆತಿದ್ದಳು. ಬಿಚ್ಚಿ ಮತ್ತೆ ನೇಯಲು ಹೊತ್ತಿರಲಿಲ್ಲ.

"ಚಿಕ್ಕೋಡಿ ದಾಟ್ಯಾರಂತ," ಅಂದ ಹೊರಗೆ ಲಕ್ಷ್ಮಣ.

ಹಿಡಿಕೆ ಜೋರಾಯಿತು. ಟಕ್ ಟಕ್ ಟಕ್. ಕೊನೆಯ ಬೆರಳಿನಲ್ಲಿ ಹಾಸಿನ ಮೂರು ಎಳೆ ಒಟ್ಟಿಗೇ ಹರಿದವು.

ಅವಳು ತುದಿ ಹಿಡಿಯಲು ಹೋದಳು, ಸಿಗಲಿಲ್ಲ. ಮತ್ತೆ ಹೋದಳು, ಪಕ್ಕದ ಎಳೆಯೂ ಸಡಿಲವಾಯಿತು. ಕಣ್ಣು ತುಂಬಿ ಕೆಂಪೆಲ್ಲ ಕಲಸಿಹೋಯಿತು. ಹೊರಗೆ ಗಾಡಿ ನಿಂತ ಸದ್ದು, ಹಿಂದೆಯೇ ಕೋಮಲತ್ತೆಯ ಕೂಗು: "ಅಪ್ಪಾ, ನಾ ಬರೂತನಾ ತಡೀಲಿಲ್ಲಲ್ಲೋ!"

ಲಕ್ಷ್ಮಣ ಬಾಗಿಲಿಗೆ ಬಂದ. "ಆತೇನವಾ? ಅಯ್ಯನೋರು ಕರ್ಯಾಕತ್ತಾರ."

ಉಜ್ವಲಾ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಳು. ಗೋಂದು ಒಣಗಲು ಬಿಟ್ಟವರ ಹಾಗೆ ಕೂತಳು. ಆಮೇಲೆ ಬೆರಳ ತುದಿಗೆ ಉಗುಳು ಹಚ್ಚಿ ಒಂದು ಎಳೆ ಹಿಡಿದಳು, ಗಂಟು ಹಾಕಿದಳು. ಎರಡನೆಯದು. ಅತ್ತೆಯ ಅಳು ಗೋಡೆಯಾಚೆ ಏರುತ್ತ ಇಳಿಯುತ್ತ ಇತ್ತು. ಮೂರನೆಯದು.

"ಹತ್ತ ಮಿನಿಟ ತಡೀರಿ ಅಪ್ಪಾ," ಅಂದಳು.

ಲಕ್ಷ್ಮಣ ಪಡಸಾಲೆಗೆ ಹೋಗಿ, "ಹತ್ತ ಮಿನಿಟ ತಡೀರ್ರಿ," ಅಂದ.

*

ಅರಿವೆ ಒಂದು ಗೇಣು ಇತ್ತು, ಸೆರಗಿನ ಕೆಂಪು. ಚನ್ನವ್ವ ತಾನು ತಂದ ಬಿಳಿಯ ಅರಿವೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಂಪನ್ನು ಬೆಳಕಿಗೆ ಹಿಡಿದಳು.

"ನುಣ್ಣಗ ಐತಿ," ಅಂದಳು. ಆಮೇಲೆ, "ನಡುವ ಗೆರಿ ಬಿದ್ದೈತಲ್ಲ," ಅಂದಳು.

"ಮಗ್ಗ ನಿಂತ ಗುರತ ಅದು," ಅಂದ ಬಾಳಾಸಾಬ.

ಉಜ್ವಲಾ ತಲೆ ತಗ್ಗಿಸಿದಳು. "ಹಲ್ಲ ತಿರವೂದ ಮರತ್ನಿ ಆಯಿ."

ಆಯಿ ಅರಿವೆಯನ್ನು ಕೈಗೆ ತೆಗೆದುಕೊಂಡಳು. ಕಣ್ಣು ಮಂಜು, ಹೆಬ್ಬೆರಳಿನಿಂದಲೇ ಹುಡುಕುತ್ತ ಹೋಗಿ ಗೆರೆಯ ಮೇಲೆ ನಿಂತಳು.

"ಇಲ್ಲೀತನಾ ಅಂವ ನೇದದ್ದೇನ?"

"ಹೂಂ."

ಅಯ್ಯನವರು ಲಿಂಗವನ್ನು ಅವಳ ಅಂಗೈಯಲ್ಲಿಟ್ಟರು. ಆಯಿ ಅದನ್ನು ಅರಿವೆಯ ನಡುವಿಗಿಟ್ಟು ಸುತ್ತಿದಳು; ಬಿಚ್ಚಿದಳು; ಗೆರೆ ಹೊರಮೈಗೆ ಬರುವ ಹಾಗೆ ಮತ್ತೆ ಸುತ್ತಿದಳು. ಗಂಡನ ಕೊರಳಿಗೆ ದಾರ ಹಾಕಿ ಗಂಟು ಬಿಗಿದಳು. ಗೋಡೆಯ ಗೂಟದಿಂದ ಧೋತರ ಬಿಚ್ಚಿದಾಗ ಭೀಮಸಿ ಈ ಸಲ ಜಾರಲಿಲ್ಲ. ಬಿಳಿಯ ಅಂಗಿಯ ಮೇಲೆ ಹಿಡಿಯಷ್ಟು ಕೆಂಪು, ಆ ಕೆಂಪಿಗೆ ಅಡ್ಡಲಾಗಿ ಕೂದಲೆಳೆಯಂಥ ಆ ಗೆರೆ; ಅವನು ನೆಟ್ಟಗೆ ಕೂತೇ ಇದ್ದ.