ಕೊರಳಿಗೆ ಕಟ್ಟಿದ ಕೋಲು

ನಾನು ಒಂದು ಕೋಲು. ಗೇಣುದ್ದ ಇದ್ದೇನೆ, ಹೆಬ್ಬೆರಳಿನಷ್ಟು ದಪ್ಪ. ಒಂದು ತುದಿಯಲ್ಲಿ ದಾರ ಪೋಣಿಸಲು ತೂತಿದೆ. ಮೈಮೇಲೆ ನಲವತ್ತೊಂದು ಕಚ್ಚುಗಳಿವೆ. ಅವನ್ನು ಹಾಕಿದವರು ಯಾರು, ಯಾಕೆ ಹಾಕಿದರು ಎಂಬುದೇ ನನ್ನ ಕಥೆ.

ಐರ್ಲೆಂಡಿನ ಪಶ್ಚಿಮ ತೀರದ ಕ್ಲೇರ್ ಸೀಮೆಯಲ್ಲಿ ಗಾರ್ಟ್‌ನಶೀ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿನ ತೊರೆಯ ದಂಡೆಯಲ್ಲಿ ನಾನು ಹೇಜಲ್ ಗಿಡವೊಂದರ ಕೊಂಬೆಯಾಗಿ ಹುಟ್ಟಿದೆ. 1862ರ ಒಂದು ಬೆಳಿಗ್ಗೆ ಡೊನಾಖ ಎಂಬ ರೈತ ಬಂದು ನನ್ನನ್ನು ಕಡಿದ. ಅವನ ಕೈ ಒರಟು, ಕೆಲಸ ಮಾತ್ರ ನಯ. ತೊಗಟೆ ಸುಲಿದ. ಮರಳುಗಲ್ಲಿನಿಂದ ಉಜ್ಜಿದ. ಎಲ್ಲಿಯೂ ಚುಚ್ಚದಂತೆ ತುದಿಗಳನ್ನು ದುಂಡಗೆ ಮಾಡಿದ. ಯಾವುದೋ ಮಗುವಿಗೆ ಆಟಿಕೆಯಾಗುತ್ತೇನೆ ಎಂದುಕೊಂಡು ಹಿಗ್ಗಿದೆ.

ಅವನು ನನ್ನನ್ನು ಮನೆಗೆ ತಂದು, ದಾರ ಪೋಣಿಸಿ, ತನ್ನ ಒಬ್ಬಳೇ ಮಗಳು ಸೊರಖಳ ಕೊರಳಿಗೆ ಕಟ್ಟಿದ. ಅವಳಿಗೆ ಆಗ ಎಂಟು ವರ್ಷ.

"ನಾಳೆಯಿಂದ ನೀನು ಶಾಲೆಗೆ ಹೋಗ್ತೀಯ. ಅಲ್ಲಿ ಬರೀ ಇಂಗ್ಲಿಷ್. ಮನೇಲೂ ಅಷ್ಟೇ. ನಮ್ಮ ಮಾತು ನಿನ್ನ ಬಾಯಿಂದ ಬಂದಾಗೆಲ್ಲ ಇದರ ಮೇಲೆ ಒಂದು ಕಚ್ಚು ಹಾಕ್ತೀನಿ. ಎಷ್ಟು ಹೊಸ ಕಚ್ಚು ಇರುತ್ತೋ ಅಷ್ಟು ಏಟು ಮೇಷ್ಟ್ರು ಕೊಡ್ತಾರೆ. ತಿಳೀತಾ?"

ಇಷ್ಟನ್ನೂ ಅವನು ಐರಿಷ್ ಭಾಷೆಯಲ್ಲೇ ಹೇಳಿದ. ಅವನಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ.

ಒಲೆಯ ಮುಂದಿದ್ದ ಅವನ ಹೆಂಡತಿ ಸೈವ್ ಎದ್ದು ಬಂದಳು. "ನಂಗೆ ಬರೋದು ಇದೊಂದೇ ಮಾತು. ನನ್ನ ಮಗಳ ಹತ್ರ ನಾನು ಹೇಗೆ ಮಾತಾಡ್ಲಿ?"

"ಸನ್ನೆ ಮಾಡು."

"ಅವಳೇನು ಕರುವಾ, ಸನ್ನೆ ಮಾಡೋಕೆ?"

ಡೊನಾಖ ಅವಳ ಎದುರು ಕೂತ. ಆಮೇಲೆ ಅವನು ಹೆಂಡತಿಗೆ ಹೇಳಿದ್ದನ್ನು ನಾನು ಸೊರಖಳ ಎದೆಯ ಮೇಲೆ ತೂಗುತ್ತಾ ಕೇಳಿದೆ. ಅವನು ಹದಿನಾಲ್ಕು ವರ್ಷದವನಾಗಿದ್ದಾಗ ನಾಡಿನ ಆಲೂಗಡ್ಡೆಯೆಲ್ಲ ನೆಲದಲ್ಲೇ ಕೊಳೆತು ಕಪ್ಪಾಯಿತು. ಬಡವರಿಗೆ ಬೇರೆ ಊಟವಿರಲಿಲ್ಲ. ಆಳುವ ಸರ್ಕಾರ ಲಂಡನ್ನಿನಲ್ಲಿತ್ತು. ಜನ ದಾರಿ ಬದಿಯಲ್ಲಿ ಬಿದ್ದು ಸಾಯುತ್ತಿದ್ದಾಗಲೂ ಐರ್ಲೆಂಡಿನ ಬಂದರುಗಳಿಂದ ಧಾನ್ಯದ ಹಡಗುಗಳು ಹೊರಡುತ್ತಲೇ ಇದ್ದವು. ಡೊನಾಖ ತನ್ನ ತಂಗಿಯನ್ನು ಬೆನ್ನ ಮೇಲೆ ಹೊತ್ತು ಗಂಜಿಕೇಂದ್ರಕ್ಕೆ ಹೋದ. ಮೇಜಿನ ಹಿಂದೆ ಹೊಸದಾಗಿ ಇಂಗ್ಲೆಂಡಿನಿಂದ ಬಂದ ಗುಮಾಸ್ತನಿದ್ದ.

"ಅವನು ಏನೋ ಕೇಳ್ದ ಸೈವ್. ನಮ್ಮೂರ ಹೆಸರೋ, ಅಪ್ಪನ ಹೆಸರೋ, ಇವತ್ತಿಗೂ ನಂಗೊತ್ತಿಲ್ಲ. ನಾನು ತಂಗೀನ ತೋರಿಸ್ದೆ. ಅವನು ತಲೆ ಅಲ್ಲಾಡಿಸಿ ಹಿಂದಿನವರನ್ನ ಕರೆದ. ನಮ್ಮ ಹಿಂದೆ ನಿಂತಿದ್ದವನು ಇಂಗ್ಲಿಷ್‌ನಲ್ಲಿ ನಾಲ್ಕು ಮಾತು ಆಡ್ದ, ಅವನಿಗೆ ಪಾತ್ರೆ ತುಂಬಿಸಿ ಕೊಟ್ರು. ತಂಗಿ ಮನೆ ಸೇರೋ ಮೊದಲೇ ಹೋದ್ಲು. ನನ್ನ ಮಗಳು ಅಂಥ ಮೇಜಿನ ಮುಂದೆ ಮೂಕಿಯಾಗಿ ನಿಲ್ಲಬಾರದು."

ಸೈವ್ ಒಲೆಯ ಮುಂದಕ್ಕೆ ಮರಳಿದಳು. ನನಗೆ ಆಗ ಆ ಮನುಷ್ಯನ ಮೇಲೆ ಕೋಪ ಬರಲಿಲ್ಲ. ಇಂದಿಗೂ ಬರುವುದಿಲ್ಲ.

ಮೊದಲ ದಿನವೇ ಏಳು ಕಚ್ಚುಗಳು ಬಿದ್ದವು. ಹಸಿವಾದಾಗ, ಬಿದ್ದಾಗ, ನಾಯಿಮರಿಯನ್ನು ಕರೆಯುವಾಗ ಸೊರಖಳ ಬಾಯಿಗೆ ತನ್ನ ಮಾತೇ ಬರುತ್ತಿತ್ತು. ಡೊನಾಖ ಚಾಕು ತೆಗೆಯುತ್ತಿದ್ದ. ಮರುದಿನ ಶಾಲೆಯಲ್ಲಿ ಕಾನ್‌ಸಿಡೀನ್ ಮೇಷ್ಟ್ರು ಮೂಗಿನ ತುದಿಯ ಕನ್ನಡಕದಿಂದ ನನ್ನನ್ನು ನೋಡಿ ಬೆತ್ತ ಎತ್ತುತ್ತಿದ್ದರು. ಅವರ ಮನೆಮಾತೂ ಐರಿಷ್ ಭಾಷೆಯೇ. ಹೊಡೆಯುವಾಗ ಅವರು ಕಿಟಕಿಯಾಚೆ ನೋಡುತ್ತಿದ್ದರು. ಚಳಿಗಾಲ ಕಳೆಯುವಷ್ಟರಲ್ಲಿ ಕಚ್ಚುಗಳು ಮೂವತ್ತೆರಡಾದವು. ಆಮೇಲೆ ನಿಂತವು. ಸೊರಖ ಇಂಗ್ಲಿಷ್ ಕಲಿತಳು, ಜೊತೆಗೆ ಮನೆಯಲ್ಲಿ ಸುಮ್ಮನಿರುವುದನ್ನೂ ಕಲಿತಳು. ತಾಯಿ ಕರೆದರೆ ತಿರುಗುವಳು, ಕೇಳಿದ್ದಕ್ಕೆ ತಲೆಯಾಡಿಸುವಳು, ಅಷ್ಟೇ.

ಎರಡನೆಯ ವರ್ಷ ಸೈವ್‌ಗೆ ಜ್ವರ ಹಿಡಿಯಿತು. ಹದಿಮೂರು ದಿನ ಮಲಗಿದ್ದಳು. ಒಂದು ಮಧ್ಯಾಹ್ನ, ಬಾಗಿಲಿಂದ ಬಿಸಿಲು ಹಾಸಿಗೆಯವರೆಗೂ ಬಂದಿತ್ತು. ಅವಳು ಮಗಳನ್ನು ಹತ್ತಿರ ಕರೆದಳು.

"ಏನಾದ್ರೂ ಹೇಳೇ ಮಗಳೇ. ನಿನ್ನ ದನಿ ಕೇಳಿ ಎಷ್ಟು ದಿನ ಆಯ್ತು."

ಸೊರಖ ನನ್ನನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ತಂದೆಯತ್ತ ನೋಡಿದಳು. ಡೊನಾಖ ಗೋಡೆಯ ಕಡೆ ಮುಖ ತಿರುಗಿಸಿ ನಿಂತ. "ನಾನು ಇಲ್ಲಿಲ್ಲ ಅಂದ್ಕೋ," ಎಂದ.

ಅವಳು ಮಾತಾಡಿದಳು. ಹಸು ಗಬ್ಬವಾಗಿದೆ ಎಂದಳು. ತೊರೆಯ ಹತ್ತಿರ ಹಳದಿ ಹೂವು ಬಿಟ್ಟಿದೆ ಎಂದಳು. ಶಾಲೆಯಲ್ಲಿ ಭೂಪಟ ನೋಡಿದೆ, ಅದರಲ್ಲಿ ನಮ್ಮೂರು ಇಲ್ಲ ಎಂದಳು. ತಾಯಿ ನಕ್ಕಳು. ಆಮೇಲೆ ಅವಳು ಹೇಳಿದ ಕೆಲವು ಮಾತುಗಳು ತಾಯಿಗೆ ಮಾತ್ರ ಸೇರಿದವು, ನಾನು ಅವನ್ನು ಹೇಳುವುದಿಲ್ಲ. ಸಂಜೆಗೆ ಸೈವ್ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮರುದಿನ ಸೊರಖ ತಂದೆಯ ಚಾಕು ಹುಡುಕಿ ತೆಗೆದು, ಹೊಸ್ತಿಲ ಮೇಲೆ ಕೂತು ನನ್ನ ಮೈಮೇಲೆ ತಾನೇ ಕಚ್ಚು ಹಾಕತೊಡಗಿದಳು. ಡೊನಾಖ ಓಡಿಬಂದು ಕೈ ಹಿಡಿದ.

"ಒಂಬತ್ತು ಮಾತು ಅಪ್ಪಾ," ಎಂದಳು ಇಂಗ್ಲಿಷಿನಲ್ಲಿ. ಅವನಿಗೆ ಅರ್ಥವಾಗಲಿಲ್ಲ. ಅವಳು ಬೆರಳುಗಳನ್ನು ಎತ್ತಿ ತೋರಿಸಿದಳು. "ನಾನೇ ಎಣಿಸಿದ್ದೀನಿ. ಒಂಬತ್ತು."

ಆ ಒಂಬತ್ತು ಕಚ್ಚುಗಳು ಸೊಟ್ಟಗಿವೆ. ಡೊನಾಖ ಅವಳ ಕೊರಳಿನ ದಾರ ಕತ್ತರಿಸಿದ. ನನ್ನನ್ನು ಸೂರಿನ ಹುಲ್ಲಿನೊಳಗೆ, ತೊಲೆಯ ಮೇಲೆ ಸಿಕ್ಕಿಸಿದ. ಮತ್ತೆಂದೂ ತೆಗೆಯಲಿಲ್ಲ. ಆದರೆ ಅಷ್ಟು ಹೊತ್ತಿಗೆ ನನ್ನ ಕೆಲಸ ಮುಗಿದಿತ್ತು. ದಾರ ಹೋದ ಮೇಲೂ ಸೊರಖ ತನ್ನ ಭಾಷೆಯನ್ನು ಬಾಯಿಗೆ ತರಲಿಲ್ಲ.

ನಾನು ಹುಲ್ಲಿನ ಸೂರಿನಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದೆ. ಕೆಳಗೆ ಒಲೆಯ ಮುಂದೆ ನಡೆದದ್ದೆಲ್ಲ ನನಗೆ ಕೇಳಿಸುತ್ತಿತ್ತು. ಓರಗೆಯವರೆಲ್ಲ ಒಬ್ಬೊಬ್ಬರಾಗಿ ಅಮೆರಿಕದ ಹಡಗು ಹತ್ತಿದರು. ಸೊರಖ ಮಾತ್ರ ತಂದೆಯನ್ನು ಬಿಟ್ಟು ಹೋಗಲಿಲ್ಲ. ಹೆಹಿರ್ ಎಂಬ ಕಲ್ಲುಕೆಲಸದವನು ಮನೆಅಳಿಯನಾಗಿ ಬಂದ. ಡೊನಾಖ ಸತ್ತ. ತಡವಾಗಿ ಊನ ಎಂಬ ಮಗಳು ಹುಟ್ಟಿದಳು. ಅವಳಿಗೆ ಹತ್ತು ವರ್ಷವಾಗುವ ಮೊದಲೇ ಹೆಹಿರ್ ಕಲ್ಲುಗಣಿಯಲ್ಲಿ ಸತ್ತ. ಸೊರಖ ಮಗಳಿಗೆ ಜೋಗುಳ ಹಾಡಿದ್ದೂ ಬೈದದ್ದೂ ಇಂಗ್ಲಿಷಿನಲ್ಲೇ.

ಊನ ಓದಿ ಊರಿನ ಶಾಲೆಗೇ ಟೀಚರಾದಳು. ಆ ಕಾಲಕ್ಕೆ ದೇಶದ ತುಂಬ ಹೊಸ ಗಾಳಿ ಬೀಸುತ್ತಿತ್ತು. ನಮ್ಮ ನೆಲವನ್ನು ನಾವೇ ಆಳಬೇಕು, ನಮ್ಮ ಭಾಷೆಯನ್ನು ಉಳಿಸಿಕೊಳ್ಳಬೇಕು ಎನ್ನುವವರು ಹೆಚ್ಚಾಗುತ್ತಿದ್ದರು. ಪಟ್ಟಣದಲ್ಲಿ ಐರಿಷ್ ಕಲಿಸುವ ತರಗತಿಗೆ ಊನ ಭಾನುವಾರಗಳಂದು ಸೈಕಲ್ ತುಳಿದು ಹೋಗುತ್ತಿದ್ದಳು. ಒಂದು ದಿನ ಬಂದವಳೇ ಬಾಗಿಲಲ್ಲಿ ನಿಂತು, "ದೇವರು ನಿನ್ನ ಜೊತೆಗಿರಲಿ ಅಮ್ಮಾ," ಎಂದು ಆ ಭಾಷೆಯಲ್ಲಿ ನಮಸ್ಕಾರ ಹೇಳಿದಳು.

ಕೆಳಗೆ ಪಿಂಗಾಣಿ ಬಟ್ಟಲು ಒಡೆದ ಸದ್ದು ಕೇಳಿತು.

"ಅಮ್ಮಾ, ನಿಂಗೆ ಬರುತ್ತಲ್ವಾ? ಊರವರೆಲ್ಲ ಹೇಳ್ತಾರೆ, ಚಿಕ್ಕಂದಿನಲ್ಲಿ ನಿಂಗೆ ಅದೊಂದೇ ಭಾಷೆ ಗೊತ್ತಿತ್ತು ಅಂತ. ನಂಗೆ ಕಲಿಸು."

"ಮರೆತು ಹೋಯ್ತು," ಎಂದಳು ಸೊರಖ ಇಂಗ್ಲಿಷಿನಲ್ಲಿ. ಅವಳ ಕೈ ಕೊರಳ ಬಳಿ ಹೋದದ್ದು ತೊಲೆಯ ಸಂದಿನಿಂದ ನನಗೆ ಕಂಡಿತು.

1916ರಲ್ಲಿ ಡಬ್ಲಿನ್ನಿನಲ್ಲಿ ಲಂಡನ್ನಿನ ಆಳ್ವಿಕೆಯ ವಿರುದ್ಧ ಬಂಡಾಯವೆದ್ದಿತು. ಒಂದು ವಾರದಲ್ಲಿ ಸೋತಿತು. ಹುಚ್ಚರ ಆಟ ಎಂದು ಮೊದಲು ನಕ್ಕವರೇ, ಮುಖಂಡರನ್ನು ಒಬ್ಬೊಬ್ಬರಾಗಿ ಗುಂಡಿಟ್ಟು ಕೊಂದ ಸುದ್ದಿ ಬಂದಾಗ ಮೇಣದ ಬತ್ತಿ ಹಚ್ಚಿದರು. ಮೂರು ವರ್ಷಗಳಲ್ಲಿ ಹಳ್ಳಿಹಳ್ಳಿಗೂ ಹೋರಾಟ ಬಂತು. ಊನ ಸೈಕಲ್ಲಿನ ಸೀಟಿನ ಕೆಳಗೆ ಚೀಟಿಗಳನ್ನಿಟ್ಟುಕೊಂಡು ಹೋರಾಟಗಾರರಿಗೆ ತಲುಪಿಸುತ್ತಿದ್ದಳು. ಅವಳು ಮದುವೆಯಾಗಬೇಕಿದ್ದ ಫೀಲಿಮ್ ಆ ಗುಂಪಿನಲ್ಲೇ ಇದ್ದ.

1920ರ ನವೆಂಬರಿನ ಒಂದು ಬೆಳಿಗ್ಗೆ ಊರ ರಸ್ತೆಯಲ್ಲಿ ಬ್ರಿಟಿಷ್ ಸಿಪಾಯಿಗಳ ಲಾರಿಯ ಮೇಲೆ ಗುಂಡು ಹಾರಿತು. ಹತ್ತು ಗಂಟೆಗೆ ಸಿಪಾಯಿಗಳು ನಮ್ಮ ಮನೆಗೆ ನುಗ್ಗಿದರು. ಹಾಸಿಗೆ ಹರಿದರು, ಬಂದೂಕಿನ ತುದಿಯ ಚೂರಿಯಿಂದ ಸೂರನ್ನು ತಿವಿದರು. ನಾನು ನೆಲಕ್ಕೆ ಬಿದ್ದೆ. ಅವರ ಅಧಿಕಾರಿ ನನ್ನನ್ನು ಎತ್ತಿಕೊಂಡ.

"ಏನಿದು? ಈ ಕಚ್ಚುಗಳು ಯಾವುದರ ಲೆಕ್ಕ? ಬಂದೂಕುಗಳದ್ದಾ?"

ಊನಳಿಗೆ ಏನೂ ತಿಳಿಯದು. ಬಿಳಿಚಿ ನಿಂತಿದ್ದಳು. ಸೊರಖ ಮುಂದೆ ಬಂದಳು. ಅವಳಿಗೆ ಅರವತ್ತಾರು.

"ಮಾತಿನ ಲೆಕ್ಕ ಸ್ವಾಮಿ. ಚಿಕ್ಕವಳಿದ್ದಾಗ ನಾನು ನಮ್ಮ ಭಾಷೇಲಿ ಆಡಿದ ಮಾತು. ಒಂದೊಂದಕ್ಕೆ ಒಂದೊಂದು ಏಟು. ಅದನ್ನ ಕೊರಳಿಗೆ ಕಟ್ಟಿದ್ರು."

ಅವನು ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದ. ವಯಸ್ಸು ಇಪ್ಪತ್ತೈದೂ ಇರಲಿಲ್ಲ. ನನ್ನನ್ನು ಮುದುಕಿಯ ಕೈಗೆ ಕೊಟ್ಟ. ಆಮೇಲೆ ಹೊರಗೆ ಹೋಗಿ, ಮನೆಗೆ ಬೆಂಕಿ ಇಡಿ ಎಂದ.

ಒಣಹುಲ್ಲಿನ ಸೂರು ಬೇಗ ಹತ್ತಿಕೊಂಡಿತು. ತಾಯಿ ಮಗಳು ಅಂಗಳದಲ್ಲಿ ನಿಂತು ನೋಡಿದರು. ಊನ ನಡುಗುತ್ತಿದ್ದಳು. ಆಗ ಸೊರಖ ತನ್ನ ಶಾಲನ್ನು ಬಿಚ್ಚಿ ಮಗಳಿಗೆ ಹೊದಿಸುತ್ತಾ ಕೇಳಿದಳು. ಐವತ್ತೇಳು ವರ್ಷಗಳ ಮೇಲೆ, ತನ್ನ ಭಾಷೆಯಲ್ಲಿ.

"ಚಳಿ ಆಗ್ತಿದೆಯೇನೇ ಮಗಳೇ?"

"ಏನಂದ್ಲು ಮುದುಕಿ?" ಎಂದು ಒಬ್ಬ ಸಿಪಾಯಿ ಗದರಿದ.

"ಚಳಿ ಆಗ್ತಿದೆಯಾ ಅಂತ ಕೇಳಿದ್ರು," ಎಂದಳು ಊನ ಅಳುತ್ತಾ. ಆ ಒಂದು ಮಾತಿಗೆ ಅವಳು ಹನ್ನೆರಡು ವರ್ಷ ಕಾದಿದ್ದಳು.

ತಾಯಿ ಮಗಳು ಶಾಲೆಗೆ ಅಂಟಿಕೊಂಡಿದ್ದ ಎರಡು ಕೋಣೆಗಳಿಗೆ ಬಂದು ನೆಲೆಸಿದರು. ಮರುವರ್ಷ ಲಂಡನ್ನಿನ ಸರ್ಕಾರದೊಂದಿಗೆ ಒಪ್ಪಂದವಾಯಿತು. ಐರ್ಲೆಂಡಿಗೆ ಸ್ವಂತ ಸರ್ಕಾರ ಬಂತು, ಆದರೆ ಉತ್ತರದ ಆರು ಜಿಲ್ಲೆಗಳು ಹೊರಗುಳಿದವು, ರಾಜನಿಗೆ ನಿಷ್ಠೆಯ ಪ್ರಮಾಣ ಉಳಿಯಿತು. ಇಷ್ಟಾದರೂ ಸಿಕ್ಕಿತು ಎಂದವರು ಒಂದು ಕಡೆ, ಇದಕ್ಕಾಗಿ ಸತ್ತರೇ ಎಂದವರು ಇನ್ನೊಂದು ಕಡೆ. ಒಂದೇ ಬಣವೆಯಲ್ಲಿ ಅಡಗಿ ಮಲಗಿದ್ದವರು ಒಬ್ಬರನ್ನೊಬ್ಬರು ಕೊಂದರು. ಫೀಲಿಮ್‌ಗೆ ತಗುಲಿ ಜೀವ ತೆಗೆದದ್ದು ಅವನ ಜೊತೆಯಲ್ಲೇ ಓದಿದವನ ಗುಂಡು. ಊನ ಅಳಲಿಲ್ಲ. ಆ ದಿನದಿಂದ ಅವಳ ದನಿ ಗಡುಸಾಯಿತು.

ಹೊಸ ಸರ್ಕಾರ ಶಾಲೆಗಳಲ್ಲಿ ಐರಿಷ್ ಕಲಿಸಬೇಕೆಂದಿತು. ಊನ ನನ್ನನ್ನು ತನ್ನ ಮೇಜಿನ ಮೇಲೆ ಇಟ್ಟುಕೊಂಡಳು. "ನೋಡಿ, ನಮ್ಮ ಬಾಯನ್ನು ಹೀಗೆ ಕಟ್ಟಿದ್ದರು," ಎಂದು ಮಕ್ಕಳಿಗೆ ತೋರಿಸುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು. ಆದರೂ, ಕೊನೆಗೆ ಪಾಠ ಹೇಳುವ ಕೆಲಸವಾದರೂ ಸಿಕ್ಕಿತಲ್ಲ ಎಂದು ಸಮಾಧಾನಪಟ್ಟಿದ್ದೆ.

1924ರಲ್ಲಿ ವಿನ್ನಿ ಲಿಲಿಸ್ ಎಂಬ ಒಂಬತ್ತು ವರ್ಷದ ಹುಡುಗಿ ಶಾಲೆಗೆ ಸೇರಿದಳು. ಅವಳ ತಂದೆ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನಲ್ಲಿ ಕೂಲಿ ಮಾಡಿಕೊಂಡಿದ್ದು, ಆಗಷ್ಟೇ ಹುಟ್ಟಿದೂರಿಗೆ ಮರಳಿದ್ದ. ವಿನ್ನಿಗೆ ಇಂಗ್ಲಿಷ್ ಬಿಟ್ಟು ಬೇರೆ ಬರುತ್ತಿರಲಿಲ್ಲ. ಸೋಮವಾರ ಇನ್‌ಸ್ಪೆಕ್ಟರ್ ಬರುವವರಿದ್ದರು. ಹಿಂದಿನ ಶುಕ್ರವಾರ ವಿನ್ನಿ ಪಕ್ಕದವಳ ಜೊತೆ ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ಊನ ಬೇಡವೆಂದಳು. ಮತ್ತೆ ಪಿಸುಗುಟ್ಟಿದಳು. ಊನ ಎದ್ದು, ನನ್ನ ತೂತಿಗೆ ಒಂದು ದಾರ ಪೋಣಿಸಿ, ಆ ಹುಡುಗಿಯ ಕೊರಳಿಗೆ ಕಟ್ಟಿದಳು.

ಮತ್ತೊಂದು ಎಳೆಯ ಎದೆ ನನ್ನ ಕೆಳಗೆ ಬಡಿದುಕೊಳ್ಳುತ್ತಿತ್ತು. ಅದೇ ಬಡಿತ. ನನಗೆ ಕೈಕಾಲು ಇದ್ದಿದ್ದರೆ ಓಡಿಹೋಗುತ್ತಿದ್ದೆ.

ಶಾಲೆ ಬಿಟ್ಟಾಗ ಸೊರಖ ಗೇಟಿನ ಬಳಿ ಕಾಲುಚೀಲ ಹೆಣೆಯುತ್ತಾ ಕೂತಿದ್ದಳು. ವಿನ್ನಿ ತಲೆ ತಗ್ಗಿಸಿಕೊಂಡು ದಾಟಿದಳು. ಸೊರಖ ನನ್ನನ್ನು ಕಂಡಳು. ಹೆಣಿಗೆ ಕೆಳಗಿಟ್ಟು, ಹುಡುಗಿಯ ಕೈಹಿಡಿದು ತರಗತಿಯೊಳಕ್ಕೆ ಬಂದಳು.

"ಇದನ್ನ ಯಾರು ಕಟ್ಟಿದ್ದು?"

"ನಾನು ಹೊಡೀಲಿಲ್ಲಮ್ಮ. ಕಚ್ಚೂ ಹಾಕ್ಲಿಲ್ಲ. ಒಂದು ದಿನ ಇದ್ರೆ ನೆನಪಿರುತ್ತೆ ಅಂತ..."

"ಇರುತ್ತೆ. ಅರವತ್ತು ವರ್ಷ ಇರುತ್ತೆ."

"ನಿಂಗೆ ಗೊತ್ತಾಗಲ್ಲ." ಊನಳ ದನಿ ಒಡೆಯಿತು. "ಈ ಮಕ್ಕಳ ಬಾಯಿಗೆ ಈಗ ಬರದಿದ್ರೆ ಈ ಭಾಷೆ ಸತ್ತೇ ಹೋಗುತ್ತೆ. ಹಾಗಾದ್ರೆ ಫೀಲಿಮ್ ಯಾತಕ್ಕೆ ಸತ್ತ?"

ಸೊರಖ ದಾರದ ಗಂಟನ್ನು ಬಿಚ್ಚುತ್ತಿದ್ದಳು. ಗಂಟು ಬಿಗಿಯಾಗಿತ್ತು, ಹೊತ್ತು ಹಿಡಿಯಿತು. "ನಮ್ಮಪ್ಪನಿಗೂ ಹೀಗೇ ಸತ್ತವರು ಇದ್ರು. ಅವರನ್ನ ನೆನೆಸ್ಕೊಂಡೇ ನಂಗೆ ಇದನ್ನ ಕಟ್ದ. ಪ್ರೀತಿಯಿಂದಾನೇ ಕಟ್ದ. ನೀನೂ ಪ್ರೀತಿಯಿಂದಾನೇ ಕಟ್ಟಿದ್ದೀಯ. ಕೊರಳಿಗೆ ಅದೆಲ್ಲ ತಿಳಿಯಲ್ಲ ಊನ. ದಾರ ಒಂದೇ ತಿಳಿಯೋದು."

ಊನ ನನ್ನನ್ನು ಕಿತ್ತುಕೊಂಡು ತರಗತಿಯ ಮೂಲೆಯ ಒಲೆಗೆ ಹಾಕಲು ಹೋದಳು. ಸೊರಖ ಅಡ್ಡ ಬಂದಳು. "ಸುಡಬೇಡ. ಸುಟ್ರೆ ಹೀಗೆ ನಡೀಲೇ ಇಲ್ಲ ಅಂತಾರೆ."

ಸೋಮವಾರ ಇನ್‌ಸ್ಪೆಕ್ಟರ್ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಊನ ಮಕ್ಕಳ ಮುಂದೆ ನಿಂತಳು. ಚೆನ್ನಾಗಿ ಸಿದ್ಧಪಡಿಸಿದ್ದ ಐರಿಷ್ ಪಾಠ ಅವಳ ಕೈಯಲ್ಲಿತ್ತು. ಅದನ್ನು ಮೇಜಿನ ಮೇಲಿಟ್ಟಳು. ಇಂಗ್ಲಿಷಿನಲ್ಲಿ ಮಾತು ಶುರುಮಾಡಿದಳು. ವಿನ್ನಿಗೂ ಅರ್ಥವಾಗಬೇಕಿತ್ತು.

"ಶುಕ್ರವಾರ ನಾನು ಒಂದು ತಪ್ಪು ಮಾಡಿದೆ," ಎಂದಳು. ತಾಯಿಯ ಕಥೆ ಹೇಳಿದಳು, ನನ್ನ ಕಥೆ ಹೇಳಿದಳು, ತಾನು ಮಾಡಿದ್ದನ್ನೂ ಹೇಳಿದಳು. ವಿನ್ನಿಯ ಹತ್ತಿರ ಹೋಗಿ ಕ್ಷಮೆ ಕೇಳಿದಳು. ಇನ್‌ಸ್ಪೆಕ್ಟರ್ ಪುಸ್ತಕದಲ್ಲಿ ಏನೋ ಬರೆದುಕೊಂಡರು. ತಿಂಗಳ ಮೇಲೆ ಅವಳಿಗೆ ಎಚ್ಚರಿಕೆಯ ಪತ್ರ ಬಂತು. ಕೆಲಸ ಉಳಿಯಿತು, ಬಡ್ತಿ ಎಂದೂ ಬರಲಿಲ್ಲ.

ವಿನ್ನಿ ದಿನವೂ ತರಗತಿ ಮುಗಿದ ಮೇಲೆ ಸೊರಖಳ ಬಳಿ ಕೂರತೊಡಗಿದಳು. ಉಣ್ಣೆಯ ಉಂಡೆ ಹಿಡಿದುಕೊಂಡು ಐರಿಷಿನಲ್ಲಿ ಅದಕ್ಕೆ ಏನನ್ನುತ್ತಾರೆ, ಇದಕ್ಕೆ ಏನನ್ನುತ್ತಾರೆ ಎಂದು ಕೇಳುವಳು. ತಪ್ಪಾಗಿ ಹೇಳಿದರೆ ಇಬ್ಬರೂ ನಗುವರು. ಏಳು ವರ್ಷ ಹಾಗೆ ನಡೆಯಿತು.

ಈಗ ಅವರಲ್ಲಿ ಯಾರೂ ಇಲ್ಲ. ನಾನು ಅದೇ ಶಾಲೆಯ ಬೀರುವಿನಲ್ಲಿ, ಹಳೆಯ ಹಾಜರಿ ಪುಸ್ತಕಗಳ ಪಕ್ಕದಲ್ಲಿದ್ದೇನೆ. ಹುಳು ಹಿಡಿದಿದೆ, ಕೆಲವು ಕಚ್ಚುಗಳ ಅಂಚು ಉದುರಿ ಅವು ಒಂದಾಗಿವೆ. ಅಪರೂಪಕ್ಕೆ ಯಾರಾದರೂ ನನ್ನನ್ನು ತೆಗೆದು ಮಕ್ಕಳಿಗೆ ತೋರಿಸುತ್ತಾರೆ. "ಇದನ್ನು ಕಟ್ಟಿದವರು ಎಷ್ಟು ಕೆಟ್ಟವರು!" ಎಂದು ಮಕ್ಕಳು ಹೇಳುತ್ತಾರೆ. ನನಗೆ ಮಾತು ಬರುವುದಿಲ್ಲ. ಬಂದಿದ್ದರೆ ಹೇಳುತ್ತಿದ್ದೆ: ನನ್ನನ್ನು ಕೊರಳಿಗೆ ಕಟ್ಟಿದವರು ಇಬ್ಬರು. ಇಬ್ಬರೂ ಒಳ್ಳೆಯವರು. ಅದಕ್ಕೇ ನನಗೆ ಇಂದಿಗೂ ಭಯ.