ಮೊದ್ದು ಊಟ ಬಿಟ್ಟಿತು

ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಸೌಟು ಹಿಡಿದ ಆ ಮನುಷ್ಯನಿಗೆ ಅಲ್ಲಿನವರು ಇಟ್ಟ ಹೆಸರು ‘ಇನ್ನೊಂಚೂರಣ್ಣ’. ಯಾರು ಸಾಕೆಂದರೂ ಅವನ ಸೌಟು ‘ಇನ್ನೊಂಚೂರು’ ಎನ್ನುತ್ತ ತಟ್ಟೆಯ ಮೇಲೆ ಬಾಗುತ್ತಿತ್ತು. ಕೈ ಅಡ್ಡ ಹಿಡಿದವರ ಬೆರಳ ಮೇಲೆಯೇ ಬಡಿಸಿದ್ದೂ ಉಂಟು. ಪಥ್ಯದ ಚೀಟಿಯನ್ನು ಮೀರುತ್ತಿರಲಿಲ್ಲ, ನಿಜ. ಆದರೆ ‘ಒಂದು ಬಟ್ಟಲು ಗಂಜಿ’ ಎಂದಿದ್ದರೆ, ಬಟ್ಟಲು ಎಷ್ಟು ದೊಡ್ಡದೆಂದು ಡಾಕ್ಟರು ಬರೆದಿಲ್ಲವಲ್ಲ ಎನ್ನುವ ಪೈಕಿ.

ಇಂಥವನ ಕೈಗೆ ಮಗಳು ತನ್ನ ಜೇಡವನ್ನು ಒಪ್ಪಿಸಿ ಹೋದಳು.

ಜೇಡವೆಂದರೆ ಮೂಲೆಯಲ್ಲಿ ಬಲೆ ಕಟ್ಟುವ ಬಡಪಾಯಿಯಲ್ಲ. ಮೈತುಂಬ ರೋಮವಿರುವ ಟ್ಯಾರಂಟುಲಾ. ಇನ್ನೂ ಮರಿ, ಕಾಲು ಚಾಚಿದರೂ ಒಂದು ಬಿಸ್ಕತ್ತಿನಷ್ಟೇ ಅಗಲ. ಹೆಸರು ಮೊದ್ದು. ಮಗಳು ಪಶು ಆಸ್ಪತ್ರೆಯ ಕೆಲಸ ಕಲಿಯಲು ಒಂದು ತಿಂಗಳು ಬೇರೆ ಊರಿಗೆ ಹೋಗಬೇಕಾಗಿತ್ತು. ಮೊದ್ದುವಿನ ಗಾಜಿನ ಪೆಟ್ಟಿಗೆ, ಅದರ ಊಟಕ್ಕೆಂದು ಸಾಕಿದ ಜೀರುಂಡೆ ಮರಿಗಳ ಡಬ್ಬಿ, ಒಂದು ಉದ್ದನೆಯ ಚಿಮುಟ, ಇವನ್ನೆಲ್ಲ ಊಟದ ಮೇಜಿನ ಮೇಲಿಟ್ಟು ಗಾಜಿಗೆ ಚೀಟಿ ಅಂಟಿಸಿದಳು: ‘ತಿನ್ನದಿದ್ದರೆ ಬಲವಂತ ಬೇಡ. ತಿನ್ನದ ಹುಳುವನ್ನು ಅವತ್ತೇ ತೆಗೆದುಬಿಡು. ನೀರು ಮಾತ್ರ ಇರಲಿ.’

“ಅಷ್ಟೇನಾ?” ಎಂದು ಅವನು ಕೇಳಿದ್ದ.

“ಅಷ್ಟೇ ಅಪ್ಪ. ನಿನ್ನ ಕೈಲಿ ಆಗುತ್ತೆ ತಾನೇ?”

ಹೆಂಡತಿ ತೀರಿಕೊಂಡ ಮೇಲೆ ಆರು ವರ್ಷದಲ್ಲಿ ಮಗಳು ಅವನಿಂದ ಏನನ್ನೂ ಕೇಳಿದವಳಲ್ಲ. ಅಪ್ಪ-ಮಗಳ ನಡುವೆ ಜಗಳವೇನಿಲ್ಲ, ಮಾತೂ ಅಷ್ಟಕ್ಕಷ್ಟೆ. ಆಗುತ್ತೆ, ಆಗುತ್ತೆ ಎಂದು ಎರಡೆರಡು ಸಲ ಹೇಳಿದ. ಬಸ್ಸು ಹತ್ತಿಸಿ ಬರುವಾಗ ಅವನ ನಡಿಗೆಯೇ ಬೇರೆಯಾಗಿತ್ತು.

ಮೊದಲ ವಾರ ಮೊದ್ದು ಎರಡು ಹುಳು ತಿಂದಿತು. ಪಕ್ಕದ ಮನೆಯ ಟೈಲರಮ್ಮ ಕಿಟಕಿಯಲ್ಲಿ ಇಣುಕಿ, “ಏನಣ್ಣ, ಜೇಡ ಕಂಡ್ರೆ ಜನ ಪೊರಕೆ ತಗೊಳ್ತಾರೆ, ನೀವು ತಟ್ಟೆ ತಗೊಳ್ತೀರಲ್ಲಾ!” ಎಂದು ನಕ್ಕಳು. ಅವನೂ ನಕ್ಕ.

ಎರಡನೇ ವಾರ ಮೊದ್ದು ಊಟ ಬಿಟ್ಟಿತು.

ಹುಳು ಮೂಗಿನ ಮುಂದೆ ಬಂದರೂ ಕಾಲು ಮಡಚಿಕೊಂಡು ಹಿಂದೆ ಸರಿಯಿತು. ಹೊಟ್ಟೆ ಕಪ್ಪಾಗಿ, ಬಿಗಿದು, ಮಿರಮಿರ ಮಿನುಗುತ್ತಿತ್ತು. ತಿನ್ನದೆ ಹೊಟ್ಟೆ ಉಬ್ಬಿದ ರೋಗಿಗಳನ್ನು ಅವನು ಕಂಡಿದ್ದ. ಅವರಲ್ಲಿ ಕೆಲವರ ಹಾಸಿಗೆ ಮಾರನೆಯ ದಿನ ಖಾಲಿಯಾಗಿದ್ದನ್ನೂ ಕಂಡಿದ್ದ. ಮಗಳಿಗೆ ಫೋನು ಮಾಡಿದ.

“ಪೊರೆ ಬಿಡೋಕೆ ಮುಂಚೆ ಹಾಗೇ ಮಾಡುತ್ತೆ ಅಪ್ಪ. ಸುಮ್ನೆ ಬಿಡು.”

“ಆರು ದಿನ ಆಯ್ತಲ್ಲೇ!”

“ಆರು ವಾರ ಆದ್ರೂ ಏನೂ ಆಗಲ್ಲ.”

ಆರು ವಾರವಂತೆ! ಫೋನಿಟ್ಟು ಗೊಣಗಿಕೊಂಡ. ಎರಡು ದಿನ ಒಂದೊಂದು ಹುಳು ಹಾಕಿ, ಚೀಟಿಯಲ್ಲಿದ್ದಂತೆ ಸಂಜೆ ತೆಗೆದ. ಮೂರನೆಯ ಸಂಜೆ ಚಿಮುಟ ಹಿಡಿದವನು ಹಾಗೇ ನಿಂತ.

ಅವನಿಗೆ ತನ್ನದೇ ಒಂದು ವಿದ್ಯೆ ಇತ್ತು. ಮುಖ ತಿರುಗಿಸಿಕೊಂಡ ರೋಗಿಯೊಂದಿಗೆ ವಾದ ಮಾಡುತ್ತಿರಲಿಲ್ಲ. ಬಟ್ಟಲಿಗೆ ತಟ್ಟೆ ಮುಚ್ಚಿ, ಮಂಚದ ಪಕ್ಕ ಇಟ್ಟು, ತಿರುಗಿ ನೋಡದೆ ಬರುತ್ತಿದ್ದ. ಎದುರಿಗೆ ಒಲ್ಲೆನೆಂದವರು ಯಾರೂ ಇಲ್ಲದಾಗ ಉಣ್ಣುತ್ತಾರೆ. ಅಮ್ಮ ತೀರಿಕೊಂಡ ವರ್ಷ ಮಗಳು ಬದುಕಿದ್ದೇ ಹಾಗೆ. ಬಾಗಿಲ ಹೊರಗೆ ಮುಚ್ಚಿಟ್ಟ ತಟ್ಟೆ ಬೆಳಗ್ಗೆ ಬರಿದಾಗಿರುತ್ತಿತ್ತು. ಅವಳು ಆ ಬಗ್ಗೆ ಒಂದು ಮಾತೂ ಆಡಿಲ್ಲ, ಅವನೂ ಕೇಳಿಲ್ಲ. ಇಷ್ಟು ವರ್ಷ ಕೈಕೊಡದ ವಿದ್ಯೆ ಈ ಮರಿಯ ಮೇಲೆ ನಡೆಯದೇ ಹೋದೀತೇ? ಹುಳುವನ್ನು ಒಳಗೇ ಬಿಟ್ಟು ಮುಚ್ಚಳ ಹಾಕಿದ. ಮಾರನೆಯ ದಿನ ನಸುಕಿಗೇ ಕೆಲಸಕ್ಕೆ ಓಡಿದ. ಬಂದ ಮೇಲೂ, ನಾಚುವ ಅತಿಥಿಗೆ ಬಿಡುವು ಕೊಟ್ಟಂತೆ, ಬೇಕೆಂದೇ ಅತ್ತ ನೋಡಲಿಲ್ಲ.

ಅದರ ಮರುದಿನ ರಜೆ. ಬೆಳಗ್ಗೆ ಚಹಾ ಲೋಟ ಹಿಡಿದು ಬಂದವನು ಲೋಟವನ್ನು ಮೇಜಿನ ಮೇಲೆ ಕುಕ್ಕಿದ. ಮೊದ್ದು ಅಂಗಾತ ಬಿದ್ದಿತ್ತು. ಎಂಟು ಕಾಲೂ ಮೇಲೆ.

“ಸತ್ತೇಹೋಯ್ತಲ್ಲಪ್ಪಾ” ಎಂದು ಬಾಯಿಬಿಟ್ಟೇ ಅಂದ. ಮಗಳ ಫೋನು ಬಡಿದುಕೊಂಡೇ ಬಡಿದುಕೊಂಡಿತು, ಅವಳು ಎತ್ತಲಿಲ್ಲ. ತರಗತಿಯ ಹೊತ್ತು. ಏಳು ಸಲ ಮಾಡಿದ.

ಆಮೇಲೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ. ಕಾಲೊಂದು ಮೆಲ್ಲಗೆ ಅಲುಗಿತು. ಬದುಕಿದೆ! ಮರುಕ್ಷಣವೇ ಇನ್ನೊಂದು ಕಂಡಿತು. ಅವನು ಊಟಕ್ಕೆಂದು ಬಿಟ್ಟ ಜೀರುಂಡೆ ಹಿಂಗಾಲಿನ ಬುಡದಲ್ಲಿ ಕೂತು ತಾನೇ ಊಟ ಮಾಡುತ್ತಿತ್ತು. ಮೊದ್ದುವಿಗೆ ಅದನ್ನು ಒದೆಯುವಷ್ಟೂ ತ್ರಾಣವಿರಲಿಲ್ಲ.

ಅಷ್ಟರಲ್ಲಿ ಮಗಳ ಕರೆ ಬಂತು.

“ಅಂಗಾತ ಬಿದ್ದಿದೆಯಾ? ಹಾಗಿದ್ರೆ ಪೊರೆ ಬಿಡ್ತಿದೆ ಅಪ್ಪ, ಮುಟ್ಟಬೇಡ. ಮೈಯೆಲ್ಲ ಬೆಣ್ಣೆ ಥರ ಇರುತ್ತೆ ಈಗ. ಒಳಗೆ ಹುಳು ಇಲ್ಲ ತಾನೇ?”

ಅವನು ಮೇಜಿನ ಮೇಲೆ ಚಿಮುಟಕ್ಕಾಗಿ ತಡಕಾಡಿದ.

“ಅಪ್ಪಾ?”

“ಇದೆ.”

“ತೆಗಿ! ಚಿಮುಟದಲ್ಲಿ ತೆಗಿ! ಮೊದ್ದುಗೆ ತಾಗಿಸಬೇಡ!”

ಐವತ್ತು ಜನರ ಅನ್ನದ ಹಂಡೆಯನ್ನು ಒಬ್ಬನೇ ಇಳಿಸುವ ಕೈಗೆ ಅಕ್ಕಿಕಾಳಿನಷ್ಟು ಹುಳು ಸಿಕ್ಕಲಿಲ್ಲ. ಮೊದಲ ಸಲ ಚಿಮುಟ ಇಳಿಸಿದಾಗ ಹುಳು ಹಾರಿ ಮೊದ್ದುವಿನ ಹೊಟ್ಟೆಯ ಮೇಲೇ ಕೂತಿತು. ಎರಡನೆಯ ಸಲ ಕಾಲುಗಳ ಸಂದಿಗೆ ಹೊಕ್ಕಿತು. ಕೈ ಹಾಕಿದರೆ ಇದು ಸಾಯುತ್ತದೆ, ಹಾಕದಿದ್ದರೆ ಅದು ತಿನ್ನುತ್ತದೆ. ಐದನೆಯ ಸಲಕ್ಕೆ ಸಿಕ್ಕಿತು. ಹೊರಗೆಳೆದು ಮೇಜಿನ ಮೇಲೆ ಅಪ್ಪಳಿಸಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

“ತೆಗೆದೆ. ಈಗೇನ್ ಮಾಡ್ಲಿ?”

“ಏನೂ ಮಾಡೋ ಹಾಗಿಲ್ಲ.”

“ಏನಾದ್ರೂ ಇರುತ್ತಲ್ಲಾ. ಬಿಸಿನೀರು? ಹತ್ತಿ?”

“ಇಲ್ಲ ಅಪ್ಪ. ಕೂತ್ಕೊ.”

ಕೂತ. ಸುಮ್ಮನೆ ಕೂತು ಗೊತ್ತಿಲ್ಲದ ಮನುಷ್ಯ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ. ಹಳೆಯ ಚರ್ಮ ಬಾಯಿಬಿಟ್ಟು, ಒಳಗಿಂದ ತೆಳು ಬಣ್ಣದ, ಒದ್ದೆಯಾದ ಇನ್ನೊಂದು ಮೊದ್ದು ಉಸಿರುಗಟ್ಟಿದಂತೆ ತಿಣುಕುತ್ತ ಹೊರಬರತೊಡಗಿತು. ಒಂದು ಕಾಲು ಬಂತು. ಎಷ್ಟೋ ಹೊತ್ತಿನ ಮೇಲೆ ಮತ್ತೊಂದು. ಚಹಾದ ಮೇಲೆ ಕೆನೆ ಕಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಏಳು ಕಾಲು ಬಂದಿದ್ದವು. ಎಂಟನೆಯದು, ಹುಳು ಕಡಿದದ್ದು, ಹಳೆಯ ಚರ್ಮದಲ್ಲೇ ಸಿಕ್ಕಿಕೊಂಡಿತು. ಮೊದ್ದು ಎಳೆಯಿತು, ನಿಂತಿತು, ಮತ್ತೆ ಎಳೆಯಿತು. ಅದು ಎಳೆದಾಗಲೆಲ್ಲ ಅವನ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಕೊನೆಗೊಮ್ಮೆ ಜಗ್ಗಿದ್ದಕ್ಕೆ ಕಾಲು ಬುಡದಿಂದಲೇ ಕಳಚಿಕೊಂಡಿತು. ಬುಡದಲ್ಲಿ ನೀರಿನಂಥ ಒಂದು ಹನಿ ಕಂಡು, ಅಲ್ಲೇ ನಿಂತಿತು.

ಊಟದ ವಿರಾಮದಲ್ಲಿ ಮಗಳು ಮತ್ತೆ ಕರೆದಳು.

“ಬಂತಾ?”

“ಏಳು ಕಾಲು ಬಂತು. ಒಂದು ಹೋಯ್ತು.” “ನಾನೇ ಮಗಾ. ಬೇಕೂಂತ್ಲೇ ಬಿಟ್ಟಿದ್ದೆ ಹುಳುನ. ಯಾರೂ ಇಲ್ದಾಗ ತಿನ್ನುತ್ತೇನೋ ಅಂತ.”

ಅವಳು ಕೂಗಾಡುತ್ತಾಳೆಂದು ಕಿವಿಗೊಟ್ಟು ಕಾದ. ಕೂಗಾಡಲೆಂದೇ ಬಯಸಿದ.

“ಮುಂದಿನ ಪೊರೆಗಳಲ್ಲಿ ಕಾಲು ಮತ್ತೆ ಬರುತ್ತೆ ಅಪ್ಪ,” ಎಂದಳು, ಚಿಕ್ಕ ಮಕ್ಕಳಿಗೆ ಹೇಳುವ ದನಿಯಲ್ಲಿ. “ಈಗ ಅದರ ಹಲ್ಲು ಮೆತ್ತಗಿರುತ್ತೆ. ಇನ್ನು ಹತ್ತು ದಿನ ಏನೂ ಹಾಕೋ ಹಾಗಿಲ್ಲ.”

“ಹತ್ತು ದಿನ!” ಬಾಯಿತಪ್ಪಿ ಬಂದುಬಿಟ್ಟಿತು.

“ಅಪ್ಪ, ಒಂದು ಕೆಲಸ ಮಾಡು. ಹುಳದ ಡಬ್ಬೀನ ಪಕ್ಕದ ಮನೆ ಆಂಟಿಗೆ ಕೊಟ್ಬಿಡು. ನಾನು ಬಂದು ಇಸ್ಕೊಳ್ತೀನಿ. ಬೇಜಾರು ಮಾಡ್ಕೋಬೇಡ.”

“ಇಲ್ಲ, ಇಲ್ಲ, ಬೇಜಾರೇನು” ಎಂದ.

ಡಬ್ಬಿ ಎತ್ತಿಕೊಂಡು ಹೊರಟ. ಒಳಗೆ ಜೀರುಂಡೆಗಳು ಸರಪರ ಓಡಾಡುತ್ತಿದ್ದವು. ಟೈಲರಮ್ಮ ಕೊರಳಲ್ಲಿ ಅಳತೆಯ ಟೇಪು ಇಳಿಬಿಟ್ಟುಕೊಂಡೇ ಬಾಗಿಲು ತೆಗೆದಳು.

“ಇದೇನಣ್ಣ, ನಂಗೂ ಊಟ ತಂದ್ರಾ?” ಎಂದು ನಗಲು ಹೋದವಳು ಅವನ ಮುಖ ನೋಡಿ ಬಾಗಿಲನ್ನು ಪೂರ್ತಿ ತೆರೆದಳು.

“ಮಗಳು ಬರೋ ತನಕ ನಿಮ್ಮ ಹತ್ರ ಇರಲಿ ಅಮ್ಮ,” ಎಂದು ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಚಾಚಿದ. “ನಾನು ಬಂದು ಕೇಳಿದ್ರೂ ಕೊಡಬೇಡಿ.”