ಉಜ್ಜಿ ಹಾಕಿದ ಗುರುತುಗಳು

ಮಗಳ ಹೆರಿಗೆಗೆಂದು ಹದಿನೈದು ದಿನ ರಜೆ ಹಾಕಿದ್ದ ಉಳಿಯಕ್ಕ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಬಂದಾಗ, ಹೊಳೆದಂಡೆಯ ಪಾಳು ಮಠದ ಗೋಡೆಗಳು ಆಗಷ್ಟೇ ಬೋಳಿಸಿದ ತಲೆಯ ಹಾಗೆ ಮಿರಮಿರ ಮಿಂಚುತ್ತಿದ್ದವು. ನೆಲದ ತುಂಬ ಬಿಳಿ ಕಲ್ಲಿನ ಪುಡಿ. ಹುಲ್ಲಿನ ಮೇಲೂ ಅದೇ.

ಅವಳಿಗೆ ಸ್ವಂತ ಹೆಸರೊಂದು ಇತ್ತು. ಆದರೆ ಕೈಯಿಂದ ಉಳಿ ಇಳಿಯುತ್ತಲೇ ಇರಲಿಲ್ಲವಾದ್ದರಿಂದ ಆ ಹೆಸರು ಹಾಜರಿ ಪುಸ್ತಕದ ಆಚೆ ಬರಲಿಲ್ಲ. ಕಲ್ಲುಕೆಲಸ ಕಲಿಸಿದವನು ಅವಳ ಮಾವ. ಇಪ್ಪತ್ತೆರಡು ವರ್ಷದಿಂದ ಈ ಮಠದ ದುರಸ್ತಿ ಅವಳದೇ. ಎಂಟುನೂರು ವರ್ಷದ ಹಿಂದೆ ಸನ್ಯಾಸಿಗಳು ಕಟ್ಟಿಸಿದ ಮಠ ಅದು. ಚಾವಣಿ ಯಾವ ಕಾಲಕ್ಕೋ ಕುಸಿದುಹೋಗಿ, ಈಗ ಪ್ರಾರ್ಥನೆಯ ಹಜಾರದ ನಾಲ್ಕು ಗೋಡೆ ಮತ್ತು ಸಾಲುಕೋಣೆಗಳ ಬುಡ ಮಾತ್ರ ನಿಂತಿದ್ದವು. ಆ ಗೋಡೆಗಳ ಕಲ್ಲುಗಳ ಮೇಲೆ ಬೆರಳುದ್ದದ ಗುರುತುಗಳಿದ್ದವು. ಒಂದರ ಮೇಲೆ ಮೀನು, ಒಂದರ ಮೇಲೆ ಬಾಣ, ಮತ್ತೊಂದರ ಮೇಲೆ ಮೂರು ಗೆರೆಯ ಕವಲು. ಕಲ್ಲು ಕಡಿದ ಆಳುಗಳು, ಇದು ನನ್ನ ಕೈಯದು ಎಂದು ಹಾಕಿಕೊಂಡ ಗುರುತು. ಕಟ್ಟಿಸಿದವರ ವಿಷಯ ದಪ್ಪ ದಪ್ಪ ಪುಸ್ತಕಗಳಲ್ಲಿದೆ. ಕಟ್ಟಿದವರದು ಅಂತ ಭೂಮಿಯ ಮೇಲೆ ಉಳಿದದ್ದು ಇಷ್ಟೇ.

ಉಳಿಯಕ್ಕ ಗೋಡೆಗೆ ಅಂಗೈ ಒತ್ತಿ ಸವರುತ್ತಾ ಹೋದಳು. ಮೀನಿಲ್ಲ. ಬಾಣವಿಲ್ಲ. ಕಲ್ಲು ಗಾಜಿನಂತೆ ನುಣುಪಾಗಿತ್ತು.

ಗುತ್ತಿಗೆದಾರ ಕೈಯಲ್ಲಿ ಗ್ರೈಂಡರ್ ಹಿಡಿದುಕೊಂಡೇ ನಗುತ್ತಾ ಬಂದ. "ಹೇಗಿದೆ ಅಕ್ಕ? ಯಾರ್ಯಾರೋ ಗೀಚಿ ಹೊಲಸು ಮಾಡಿಟ್ಟಿದ್ರು. ಮೂರು ಗೋಡೆ ಮುಗೀತು. ಹೊಳೆ ಕಡೆದೊಂದು ಬಾಕಿ, ಅದಕ್ಕೆ ನಾಳೆ ಸಾರುವೆ ಕಟ್ತೀವಿ."

"ಗೀಚಿದ್ದಾ?" ಉಳಿಯಕ್ಕನ ದನಿ ಏರಿತು. "ಯಾರನ್ನ ಕೇಳಿ ಉಜ್ಜಿದ್ರಿ? ಕಣ್ಣು ಹಣೆ ಮೇಲಿತ್ತಾ?"

"ನನ್ನ ಮೇಲೆ ಯಾಕಕ್ಕ ಕೂಗಾಡ್ತೀರಿ? ಎಂಜಿನಿಯರ್ ಸಾಹೇಬ್ರು ಹೇಳಿದ್ರು, ಮಾಡಿದ್ವಿ."

ಅವಳು ಕಾಲಿನ ಪುಡಿ ಕೊಡವದೆಯೇ ಕಚೇರಿಗೆ ನುಗ್ಗಿದಳು. ಎಂಜಿನಿಯರ್ ಚಹಾ ಕುಡಿಯುತ್ತಿದ್ದ.

"ಸಾರ್, ಆ ಗುರುತುಗಳನ್ನೆಲ್ಲ ನೋಟ್‌ಬುಕ್ಕಲ್ಲಿ ಬರ್ದು, ಯಾವ ಕಲ್ಲು, ಯಾವ ಸಾಲು ಅಂತ ನಕ್ಷೆ ಹಾಕಿ ಮೂರು ವರ್ಷದ ಹಿಂದೆ ನಿಮ್ಮ ಟೇಬಲ್ ಮೇಲೆ ಇಟ್ಟಿದ್ದೆ."

"ನೀನು ಇಟ್ಟಿದ್ದೆ, ನಿಜ. ಫೈಲಲ್ಲಿದೆ. ಆದ್ರೆ ನೋಡಮ್ಮ, ಪಟ್ಟಿ ಮಾಡೋದು ನಿನ್ನ ಹುದ್ದೆಯವರ ಕೆಲಸ ಅಲ್ಲ. ತಜ್ಞರು ಮಾಡ್ಬೇಕು. ಅವರು ಮಾಡಿಲ್ಲ. ಹಾಗಾಗಿ ಕಾಗದದ ಪ್ರಕಾರ ಆ ಗೋಡೆ ಮೇಲೆ ಗುರುತುಗಳೇ ಇರ್ಲಿಲ್ಲ."

ಉಳಿಯಕ್ಕ ಕಾಲಿನ ಬಿಳಿ ಪುಡಿಯನ್ನು ಅಲ್ಲೇ ಅವನ ನೆಲಕ್ಕೆ ಕೊಡವಿದಳು.

ಅವನೋ ಮಾತು ಮುಗಿಯಿತೆಂಬಂತೆ ಗೋಡೆಗೊರಗಿಸಿದ್ದ ಕಪ್ಪು ಕಲ್ಲಿನ ಫಲಕವನ್ನು ತೋರಿಸಿದ. "ಶುಕ್ರವಾರ ಇಲಾಖೆಯ ನಿರ್ದೇಶಕರು ಬರ್ತಾರೆ. ಇದನ್ನ ಹಜಾರದ ಗೋಡೆಗೆ ಕೂರಿಸು. ಆರು ತೂತು ಕೊರೆದ್ರೆ ಸಾಕು."

ಫಲಕದ ಮೇಲೆ ಬಂಗಾರದ ಬಣ್ಣದಲ್ಲಿ ಹನ್ನೊಂದು ಹೆಸರು. ಅಧ್ಯಕ್ಷತೆ ವಹಿಸಿದವರು, ಮಾರ್ಗದರ್ಶನ ಮಾಡಿದವರು, ಉಪಸ್ಥಿತರಿದ್ದವರು. ಎಂಜಿನಿಯರನದು ಕೆಳಗಿನಿಂದ ಎರಡನೆಯದು.

"ಇವರಲ್ಲಿ ಕಲ್ಲು ಮುಟ್ಟಿದೋರು ಯಾರು ಸಾರ್?"

"ಏನಂದೆ?"

"ಆ ಗೋಡೆಗೆ ನಾನು ತೂತು ಕೊರೆಯಲ್ಲ."

"ಇದು ಆರ್ಡರ್ ಕಣಮ್ಮ!"

"ನಿಮ್ಮ ಆರ್ಡರ್ ನಿಮ್ಮ ಹತ್ರಾನೇ ಇರ್ಲಿ. ಕೊರೆಯಲ್ಲ ಅಂದ್ರೆ ಕೊರೆಯಲ್ಲ."

ಅವಳು ಹೊರಗೆ ಬಂದು ನೇರವಾಗಿ ಟಿಕೆಟ್ ಕೋಣೆಯ ಕಡೆ ನಡೆದಳು. ಟಿಕೆಟ್ ಕಿಟಕಿಯ ಹಿಂದೆ ಕೂರುವವಳು ಅವಳ ನಾದಿನಿ. ಬಾಗಿಲು ತೆಗೆದು ಒಳಗೆ ಕರೆದು ನೀರು ಕೊಟ್ಟಳು.

"ಮೊದಲನೇ ದಿನವೇ ನಾನು ಓಡಿ ಹೋಗಿ ಅವರನ್ನ ಬೈದೆ ಅತ್ತಿಗೆ. ನನ್ನ ಮಾತು ಯಾರು ಕೇಳ್ತಾರೆ? ನಿನಗೆ ಫೋನ್ ಮಾಡೋಣ ಅಂದ್ರೆ ನೀನು ಆಸ್ಪತ್ರೇಲಿ. ಬಾಯಿ ಬರ್ಲಿಲ್ಲ."

"ಅಳಬೇಡ. ಹೊಳೆ ಕಡೆ ಗೋಡೆ ಇನ್ನೂ ಇದೆಯಲ್ಲ? ಅದಕ್ಕೆ ಗ್ರೈಂಡರ್ ಹಚ್ಚಬೇಕಾದ್ರೆ ನನ್ನನ್ನ ದಾಟಿಕೊಂಡು ಹೋಗ್ಲಿ."

ನಾದಿನಿ ಕಣ್ಣೊರೆಸಿಕೊಂಡು ಕಿಟಕಿಯ ಪಕ್ಕದ ಸೂಚನಾ ಹಾಳೆಯನ್ನು ತೋರಿಸಿದಳು. "ನಿನ್ನೊಬ್ಬಳನ್ನ ಎತ್ತಿ ಆಚೆ ಕೂರಿಸ್ತಾರೆ. ಜನ ಇದ್ರೆ? ಹತ್ತಡಿ ಒಳಗೆ ಜನ ಇದ್ದಾಗ ಮಿಷನ್ ಓಡಿಸೋ ಹಾಗಿಲ್ಲ. ಅವರೇ ಬರೆದು ಅಂಟಿಸಿರೋ ನಿಯಮ."

ಮಂಗಳವಾರದಿಂದ ಟಿಕೆಟ್ ಕೊಂಡವರಿಗೆಲ್ಲ ನಾದಿನಿ ಹೇಳತೊಡಗಿದಳು: "ಮೊದ್ಲು ಹೊಳೆ ಕಡೆ ಹೋಗಿ. ಅಲ್ಲೊಬ್ರು ಅಕ್ಕ ಇದ್ದಾರೆ, ತೋರಿಸ್ತಾರೆ."

ಉಳಿಯಕ್ಕ ಹೊಳೆಯಿಂದ ಬಕೆಟ್‌ನಲ್ಲಿ ನೀರು ತಂದು, ಒದ್ದೆ ಬಟ್ಟೆಯಿಂದ ಕಲ್ಲನ್ನು ಒತ್ತಿ ಒರೆಸುತ್ತಿದ್ದಳು. ನೀರು ಹೀರಿದ ಕಲ್ಲು ಕಪ್ಪಾದಂತೆ ಗೆರೆಗಳು ಎದ್ದು ಕಾಣುತ್ತಿದ್ದವು. "ನೋಡಿ, ಈ ಕವಲಿನವನು ಎಡಗೈಯವನು. ಉಳಿ ಏಟು ಯಾವ ಕಡೆ ವಾಲಿದೆ ನೋಡಿ. ಇವನು ಅವಸರದವನು, ಮೂಲೆ ಸರಿಯಾಗಿ ತಿದ್ದಿಲ್ಲ." ಬಂದವರು ಬಗ್ಗಿ ನೋಡಿದರು, ಬೆರಳಾಡಿಸಿದರು. ಕ್ಷೌರಿಕನೊಬ್ಬ ತನ್ನ ಹೆಂಡತಿಗೆ, "ಕೆಲಸ ಕೆಟ್ಟರೆ ಯಾರನ್ನ ಬೈಬೇಕು ಅಂತಲೂ ಇದರಲ್ಲೇ ಗೊತ್ತಾಗ್ತಿತ್ತು," ಎಂದು ಹೇಳಿದ್ದಕ್ಕೆ ಸುತ್ತ ನಿಂತವರೆಲ್ಲ ನಕ್ಕರು. ಕೆಲವರು ಮಾರನೆಯ ದಿನ ನೆಂಟರನ್ನೂ ಕರೆತಂದರು. ಗುತ್ತಿಗೆದಾರ ಸಾರುವೆಯ ಬೊಂಬುಗಳ ಮೇಲೆ ಕೂತು ಮೂರು ದಿನ ಬೀಡಿ ಸೇದಿದ. ಎಂಜಿನಿಯರ್ ಬಂದು ಹಲ್ಲು ಕಡಿದು ಹೋದ. ಜನರೆದುರು ಬಾಯಿ ಮಾಡಲಾಗಲಿಲ್ಲ. ಕಪ್ಪು ಕಲ್ಲಿನ ಫಲಕ ಕಚೇರಿಯಲ್ಲೇ ಒರಗಿಕೊಂಡಿತ್ತು.

ಶುಕ್ರವಾರ ನಿರ್ದೇಶಕರ ಕಾರು ಬಂದಾಗ ಹೊಳೆಯ ಕಡೆ ಐವತ್ತು ಅರವತ್ತು ಜನ. ಅವರು ಗುಂಪಿನೊಳಗೆ ನುಗ್ಗಿ ಗೋಡೆ ನೋಡಿ, "ಅರೆ, ಇದು ಯಾರಿಗೂ ಗೊತ್ತೇ ಇರಲಿಲ್ಲವಲ್ಲ!" ಎಂದರು.

ಉಳಿಯಕ್ಕ ಬಾಯಿ ತೆರೆಯುವಷ್ಟರಲ್ಲಿ ಎಂಜಿನಿಯರ್ ಮುಂದೆ ಬಂದ. "ನಾವೇ ಈಚೆಗೆ ಪತ್ತೆ ಮಾಡಿದ್ದು ಸಾರ್. ಅದಕ್ಕೇ ಈ ಗೋಡೆಯನ್ನ ಹಾಗೇ ಉಳಿಸಿಕೊಂಡಿದ್ದೀವಿ."

"ಸುಳ್ಳು!" ಉಳಿಯಕ್ಕ ಕೂಗಿದಳು. "ಉಳಿದ ಮೂರು ಗೋಡೇಲೂ ಇತ್ತು ಸಾರ್. ಇವ್ರೇ ಉಜ್ಜಿಸಿ ಹಾಕಿದ್ರು. ಬನ್ನಿ, ನೆಲದ ಮೇಲೆ ಪುಡಿ ಇನ್ನೂ ಬಿದ್ದಿದೆ, ತೋರಿಸ್ತೀನಿ."

ನಿರ್ದೇಶಕರು ಅವಳ ಕಡೆ ನೋಡಿ, ಕ್ಯಾಮೆರಾದವನ ಕಡೆ ನೋಡಿ, "ಅದೆಲ್ಲ ಆಮೇಲೆ ಮಾತಾಡೋಣಮ್ಮ," ಎಂದರು. ಆಮೇಲೆ ಎನ್ನುವುದು ಬರಲೇ ಇಲ್ಲ. ಹೊಳೆ ಕಡೆಯ ಗೋಡೆಯನ್ನು ಯಾರೂ ಮುಟ್ಟಕೂಡದೆಂದು ಅಲ್ಲಿಯೇ ಆದೇಶವಾಯಿತು. ಮರುದಿನದ ಪತ್ರಿಕೆಯಲ್ಲಿ ಎಂಜಿನಿಯರ್ ಆ ಗೋಡೆಯಲ್ಲಿ ಉಳಿದಿದ್ದ ಮೀನಿನ ಗುರುತಿನ ಮೇಲೆ ಬೆರಳಿಟ್ಟು ನಿಂತಿದ್ದ.

ನಾದಿನಿ ಪತ್ರಿಕೆಯನ್ನು ಮುದುರಿ ಎಸೆದಳು. "ನಿನ್ನ ಹೆಸರು ಎಲ್ಲೂ ಇಲ್ಲ ಅತ್ತಿಗೆ! ಹೊಟ್ಟೆ ಉರಿಯಲ್ವಾ?"

"ನನ್ನ ಹೆಸರು ಕಟ್ಕೊಂಡು ಏನಾಗ್ಬೇಕೇ? ಮೂರು ಗೋಡೆ ಹೋಯ್ತು. ಇನ್ನೂರ ಹದಿನಾಲ್ಕು ಗುರುತಿದ್ದದ್ದು ನಲವತ್ತೊಂದಕ್ಕೆ ಬಂತು. ಅದನ್ನ ಯಾರು ತಂದುಕೊಡ್ತಾರೆ? ಹೊಟ್ಟೆ ಉರಿಯೋದು ಅದಕ್ಕೆ."

ವಾರ ಕಳೆಯುವುದರೊಳಗೆ ಅವಳ ಕೈಗೆ ನೋಟಿಸ್ ಬಂತು. ಫಲಕ ಕೂರಿಸಬೇಕೆಂಬ ಮೇಲಧಿಕಾರಿಯ ಆದೇಶ ಮೀರಿದ್ದಕ್ಕೆ ಮೂರು ದಿನದೊಳಗೆ ಲಿಖಿತ ವಿವರಣೆ ಕೊಡಬೇಕು. ನಾದಿನಿ ಕ್ಷಮೆ ಕೇಳುವ ಧಾಟಿಯಲ್ಲಿ ಒಂದು ಪುಟ ಬರೆದುಕೊಟ್ಟಳು. ಉಳಿಯಕ್ಕ ಅದನ್ನು ಓದಿ, ಮಡಿಸಿ ಪಕ್ಕಕ್ಕಿಟ್ಟು, ಬೇರೆ ಹಾಳೆ ತೆಗೆದುಕೊಂಡಳು. ಗಾರೆ ಮೆತ್ತಿದ್ದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಎರಡೇ ಸಾಲು ಬರೆದಳು:

"ಮೀರಿದ್ದು ನಿಜ. ಮತ್ತೆ ಹೇಳಿದರೆ ಮತ್ತೆ ಮೀರುತ್ತೇನೆ."

ಕೆಳಗೆ ಸಹಿ ಹಾಕಿ, ತಾನೇ ಕಚೇರಿಗೆ ಹೋಗಿ ಕೊಟ್ಟು, ತಲುಪಿದ್ದಕ್ಕೆ ಠಸ್ಸೆ ಒತ್ತಿಸಿಕೊಂಡು ಬಂದಳು.